ಒದಗದ ಮಾಲ್ಟು

ರಾತ್ರಿ ಹತ್ತೂವರಿಗೆ ಅಕ್ಕನ ಮಗ ಅಮೆರಿಕದಿಂದ ವಿಡಿಯೋ ಕಾಲ್ ಮಾಡಿದ್ನಂದ್ರ ಮನ್ಯಾಗ ಎಲ್ರಿಗೂ ಎದಿ ಧಸಕ್ ಅಂತೈತಿ, ಏನಾತೋ ಏನೋ ಅಂತ. ಅವ ನೋಡಿದ್ರ ಅಡಿಗಿಮನ್ಯಾಗ ದೊಡ್ಡದೊಂದು ಸ್ಟೀಲ್ ಬೋಗುಣಿ ಮುಂದ ಮಾರಿ ಸಣ್ಣದು ಮಾಡ್ಕೊಂಡು ನಿಂತಿದ್ದ. "ಮಾಮಾ, ಮತ್ತ 65ಕ್ಕ ನಿಂತೈತಿ."

ಮನ್ಯಾಗ ಬಿಯರ್ ಮಾಡೋದು ಅವನ ಹೊಸಾ ಚಟ. ಅಲ್ಲಿ 1978ರಾಗ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮ್ಯಾಲ ಅದಕ್ಕ ದಾರಿ ಆಗೈತಿ, ಇಲ್ಲಿ ಗಂಗಾವತ್ಯಾಗ ಮಾಡಾಕ ಹೋದ್ರ ಅಬಕಾರಿಯವ್ರು ಬೋಗುಣಿ ಸಮೇತ ಹೊತ್ಕೊಂಡು ಹೋಗ್ತಾರ, ಹಂಗಾಗಿ ನನ್ನ ಪಾಲಿಗೆ ಇದು ಬರೇ ಫೋನಿನ್ಯಾಗಿನ ಬಿಯರ್.

ಅವನ ಪುಸ್ತಕದಾಗ 20 ಲೀಟರಿಗೆ 4.3 ಕೆಜಿ ಮಾಲ್ಟ್ (ಮೊಳಕಿ ಬರಿಸಿ ಒಣಗಿಸಿದ ಬಾರ್ಲಿ) ಅಂತ ಐತಂತ, ಗ್ರಾವಿಟಿ, ಅಂದ್ರ ರಸದಾಗ ಎಷ್ಟು ಸಕ್ರಿ ಇಳದೈತಿ ಅನ್ನೋ ಅಳತಿ, 1.050 ಬರ್ಬೇಕು, ಇವನಿಗೆ ಬರೋದು 1.043. ಪುಸ್ತಕ ಬರದ ಪುಣ್ಯಾತ್ಮನ ಎಫಿಶಿಯನ್ಸಿ, ಅಂದ್ರ ಮಾಲ್ಟಿನ್ಯಾಗಿನ ಸಕ್ರಿ ನೂರಕ್ಕ ಎಷ್ಟು ಪಾಲು ನೀರಿಗೆ ಬಂತು ಅನ್ನೋ ಲೆಕ್ಕ, 75, ಇವಂದು 65. ನನಗ ಸಿಟ್ಟು ಬರೋದೇ ಇಲ್ಲಿ ನೋಡ್ರಿ. ಆ 75 ಅನ್ನೋದನ್ನ ಮೊದಲ್ನೇ ಪುಟದಾಗ ಸಣ್ಣ ಅಕ್ಷರದಾಗ ಒಂದ್ಸಲ ಹೇಳಿ ಕೈ ತೊಳ್ಕೊಂಡು ಬಿಡ್ತಾರ, ಆಮ್ಯಾಲ ಪ್ರತಿ ರೆಸಿಪಿಗೂ ಗ್ರಾಂ ಲೆಕ್ಕದಾಗ ಬರೀತಾರ, ದೇವರೇ ಬಂದು ತೂಗಿ ಕೊಟ್ಟಂಗ. ರುಚಿಗೆ ತಕ್ಕಷ್ಟು ಉಪ್ಪು ಅಂತಾರಲ್ಲ, ಅದರ ಅಪ್ಪ ಇದು.

ಮಂಚದ ಮ್ಯಾಲ ಮಲಗಿದ್ದ ದೊಡ್ಡಪ್ಪ ಎದ್ದು ಕುಂತ. ಮೂವತ್ತು ವರ್ಷ ರೈಸ್ ಮಿಲ್ಲಿನ್ಯಾಗ ಗುಮಾಸ್ತ ಇದ್ದಾವ. "ಔಟ್‌ಟರ್ನ್ ಕಡಿಮಿ ಐತ್ಯಲೇ ತಮ್ಮಾ. ಕ್ವಿಂಟಲ್ ಭತ್ತಕ್ಕ 67 ಕೆಜಿ ಅಕ್ಕಿ, ಕುಚ್ಚಲಕ್ಕಿ ಆದ್ರ 68, ಸರ್ಕಾರದ ಲೆಕ್ಕ. ಕಡಿಮಿ ಬಂತಂದ್ರ ಭತ್ತ ಹೆಚ್ಚು ಸುರೀಬ್ಯಾಡ, ರೋಲರ್ ನೋಡು."

"ಇಲ್ಲ ತಾತಾ, ಸುರೀಬೇಕಂತ. 4.3 ಇಂಟು 75, ಭಾಗಸು 65. ಹತ್ರತ್ರ 5 ಕೆಜಿ."

ಇದರಾಗ ಒಂದು ದೊಡ್ಡ ಮಾತು ನನಗ ಹೊಳೀತು, ಆಮ್ಯಾಲ ಹೇಳ್ತೀನಿ, ಯಾಕಂದ್ರ ಮೊದ್ಲು ದೊಡ್ಡಪ್ಪನ ಗಿರಣಿ ಜಗಳ ಹೇಳ್ಬೇಕು. ರೋಲರ್ ನೋಡು ಅಂದ ಇದೇ ಮನಷ್ಯಾ ಒಂದು ಕಾಲಕ್ಕ ಬಾಗಿಲ ಚೌಕಟ್ಟಿಗೆ ಸ್ಪ್ರಿಂಗ್ ತಕ್ಕಡಿ ನೇತು ಹಾಕಿದ್ದ, ಗಿರಣಿಗೆ ಹೋಗೋ ಜ್ವಾಳ ತೂಗೋದು, ಬಂದ ಹಿಟ್ಟು ತೂಗೋದು. 10 ಕೆಜಿ ಹೋದ್ರ 9.6 ಬರ್ತಿತ್ತು. ಗಿರಣಿಯಾವ ಹಿಟ್ಟು ಬಿಸಿ ಐತ್ರಿ ಆವಿ ಹೋಗಿರ್ತೈತಿ ಅಂದ, ಗಾಳಿಗೆ ಹಾರೈತ್ರಿ ಅಂದ. ದೊಡ್ಡಪ್ಪ ಅವನ ಮಾರಿ ದಿಟ್ಟಿಸಿ ನೋಡಿ "ನಿನ್ನ ಹುಬ್ಬಿನ ಮ್ಯಾಲ ಐತಿ ನೋಡು ನನ್ನ ಜ್ವಾಳ" ಅಂದುಬಿಟ್ಟ. ಮುಂದಿನ ವಾರ ಕೋಲು ಹಿಡ್ಕೊಂಡೇ ಹೋದ, ನಾನು ಡಬ್ಬಿ ಹೊತ್ಕೊಂಡು ಹಿಂದ. ಹಿಟ್ಟು ಬೀಳೋ ಬಟ್ಟಿ ತೋಳಿಗೆ ನಾಕು ಬಡದ ನೋಡ್ರಿ, ದಬದಬ ಬಿತ್ತು, ಮನಿಗೆ ಬಂದು ತೂಗಿದ್ರ 10 ಕೆಜಿ 100 ಗ್ರಾಂ! ಗೆದ್ದೆ ಅಂತ ಮೀಸಿ ಮ್ಯಾಲ ಕೈ. ರಾತ್ರಿ ದೊಡ್ಡಮ್ಮ ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟು ಕೈಗೆ ಅಂಟ್ತೈತಿ, ಹಂಚಿಗೆ ಅಂಟ್ತೈತಿ, ವಾಸನಿ ಬ್ಯಾರೆ. ಯಾರದೋ ಕಡ್ಲಿಹಿಟ್ಟು. "ರೊಟ್ಟಿ ಮಾಡ್ಲೋ ಬಜ್ಜಿ ಮಾಡ್ಲೋ?" ಅಂತ ಕೇಳಿದ್ಲು, ಅಷ್ಟ. ಆ ಮ್ಯಾಲಿಂದ ದೊಡ್ಡಪ್ಪ ಸುಮ್ನ 10 ಕೆಜಿ ಬದ್ಲಿ 10.5 ಕಳಸಾಕ ಹತ್ತಿದ, ತಕ್ಕಡಿ ಅಟ್ಟಕ್ಕ ಹೋತು.

ಆ ದೊಡ್ಡ ಮಾತು ಏನೋ ಇತ್ತು, ಗಿರಣಿ ಸದ್ದಿನ್ಯಾಗ ಹೋತು.

ಇರ್ಲಿ. ಹುಡುಗ ಬಿಡ್ಲಿಲ್ಲ, ಬಣ್ಣಕ್ಕಂತ ಹಾಕೋ ಹುರಿದ ಮಾಲ್ಟನ್ನೂ ಇದೇ ಲೆಕ್ಕದಾಗ ಏರಸಬೇಕೋ ಬ್ಯಾಡೋ ಅಂತ ಕೇಳಿದ. ಒಳಗಿಂದ ದೊಡ್ಡಮ್ಮನ ದನಿ ಬಂತು, "ಹೊಸಾ ಅಕ್ಕಿ ಒದಗ್ಲಿಲ್ಲಂದ್ರ ಇನ್ನೊಂದು ಪಾವು ಅಕ್ಕಿ ಹಾಕ್ತೀವಪ್ಪ, ಅರಿಷಿಣ ಯಾಕ ಹಾಕ್ಲಿ?" ಪುಸ್ತಕದಾಗೂ ಹಂಗ ಐತಂತ, ಬಣ್ಣದ್ದು ಇದ್ದಷ್ಟೇ ಇರ್ಲಿ, ಬರೇ ಬಿಳಿ ಮಾಲ್ಟ್ ಏರಸು ಅಂತ. ಅದ್ಕ ಮುನ್ನೂರು ಪುಟ! ನಮ್ಮ ದೊಡ್ಡಮ್ಮ ಒಂದ ಉಸಿರಿಗೆ ಹೇಳಿ ಮಗ್ಗಲಾದ್ಲು.

ಮುಂದಿನ ಶನಿವಾರ ಮತ್ತ ಕಾಲ್. ತಾತನ ಮಾತು ಕೇಳಿ ಕಾಳು ಒಡಿಯೋ ರೋಲರ್ ಸಂದು 1.5 ಮಿಲಿಮೀಟರಿಂದ 1.1ಕ್ಕ ಇಳಿಸ್ಯಾನ, ಹೊಟ್ಟು ಇಡೀ ಉಳದೈತಿ, ಒಳಗಿಂದು ಛಂದ ನುಚ್ಚಾಗೈತಿ, ಸೋಸೋವಾಗ ಎಲ್ಲೂ ಕಟ್ಟಿಲ್ಲ. ಪುಸ್ತಕದ ಮಾತೂ ಕೇಳಿ 5 ಕೆಜಿನೂ ಹಾಕ್ಯಾನ. ಎರಡೂ. ಎಫಿಶಿಯನ್ಸಿ 78, ಗ್ರಾವಿಟಿ 1.060.

"ಈಗೇನ್ ಮಾಡ್ಲಿ ತಾತಾ?"

ದೊಡ್ಡಪ್ಪ ಕಣ್ಣು ತೆರೀಲಿಲ್ಲ. "ನಾಕ್ ಲೀಟರ್ ನೀರ್ ಹಾಕು."

"ಬೋಗುಣಿ ಹಿಡಿಯಂಗಿಲ್ಲ ತಾತಾ."

"ಹಂಗಾರ ನಿಮ್ಮ ದೊಡ್ಡಜ್ಜೀನ ಕೇಳು" ಅಂದು ಚಾದರ ಮಾರಿ ಮ್ಯಾಲ ಎಳ್ಕೊಂಡ.