ಹಿರಿಯೂರಿನಲ್ಲಿ ಮೈನಸ್ 40

ನಮ್ಮ ಪಿಕಪ್ ಗಾಡಿಯ ಲೆಕ್ಕದಲ್ಲಿ ಹೋದ ವರ್ಷ ದಸರಾ ಮುಗಿದ ಮೇಲೆ ಹಿರಿಯೂರಿನಲ್ಲಿ ಮೈನಸ್ 40 ಡಿಗ್ರಿ ಚಳಿ ಇತ್ತು. ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಅದರ ಪಕ್ಕದಲ್ಲೇ ನಿಂತಿದ್ದೆ.

ನಮ್ಮ ಕಡೆಯ ಹವೆ ಗೊತ್ತಿಲ್ಲದವರಿಗೆ ಒಂದು ಮಾತು. 1933ರಲ್ಲಿ ಕೋಡಿ ಬಿದ್ದ ನಮ್ಮ ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಮೋಡ ನೋಡಿಕೊಂಡು ಕೂತವರು ನಾವು. ಐಸ್‌ಕ್ಯಾಂಡಿ ಡಬ್ಬ ಬಿಟ್ಟರೆ ಹಿಮ ಅನ್ನುವುದನ್ನು ಬೇರೆಲ್ಲೂ ಕಂಡಿಲ್ಲ.

ಗಾಡಿ 2017ರ ಮಾಡೆಲ್. ದೇಶಕ್ಕೆಲ್ಲ ಬಿಎಸ್-4 ಅನ್ನುವ ಹೊಗೆ ನಿಯಮ ಕಡ್ಡಾಯವಾದ ವರ್ಷದ್ದು. ಸೀಸನ್‌ನಲ್ಲಿ ಈರುಳ್ಳಿ ಹೊತ್ತು ಯಶವಂತಪುರಕ್ಕೆ ಹೋಗುತ್ತದೆ, ಉಳಿದಂತೆ ಊರಿನವರ ಮದುವೆ ಸಾಮಾನು, ಮನೆ ಸಾಮಾನು. ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಂದು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಆ ಸಲ ಎಫ್‌ಸಿ, ಆಯುಧ ಪೂಜೆ ಎರಡೂ ಒಟ್ಟಿಗೇ ಬಂದವು. ಒಂದೇ ಸ್ನಾನಕ್ಕೆ ಎರಡು ಪುಣ್ಯ ಅಂತ ಲೆಕ್ಕ ಹಾಕಿ ನಾನೇ ಗಾಡಿ ತೊಳೆದೆ. ಬಾಡಿ, ಚಕ್ರ, ಎಂಜಿನ್ ಎಲ್ಲ. ಕುಂಕುಮ ಹಚ್ಚಿ, ಬಾಳೆಕಂಬ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಗಾಡಿ ಫಳಫಳ ಹೊಳೆಯಿತು.

ಮೂರನೇ ದಿನ ರಾತ್ರಿ ಶಿರಾ ದಾಟಿದ ಮೇಲೆ ಡ್ರೈವರ್ ಫೋನ್ ಮಾಡಿದ.

"ಅಣ್ಣ, ಎಂಜಿನ್ ಲೈಟ್ ಬಂತು ಕಣಣ್ಣ."

"ನೀನೇನ್ ಮಾಡಿದೆ?"

ನಮ್ಮಲ್ಲಿ ಗಾಡಿಗೆ ಏನಾದರೂ ಮೊದಲ ಪ್ರಶ್ನೆ ಇದೇ. ಪಾಪ, ಅವನು ಏನೂ ಮಾಡಿರಲಿಲ್ಲ. ಫ್ಯಾನ್ ನಿಲ್ಲದೆ ತಿರುಗುತ್ತಿದೆ, ನಿಲ್ಲಿಸಿದಾಗ ಎಂಜಿನ್ ತಾನಾಗಿಯೇ ಜಾಸ್ತಿ ರೇಸ್ ಆಗುತ್ತಿದೆ, ಮತ್ತೆ ಸ್ಟಾರ್ಟ್ ಮಾಡುವಾಗ ಎಂಜಿನ್ ಬೆಚ್ಚಗೆ ಮಾಡುವ ಹೀಟರ್‌ನ ಲೈಟ್ ಆರುವುದಕ್ಕೆ ಬೀಡಿ ಸೇದುವಷ್ಟು ಹೊತ್ತು ಬೇಕು ಅಂದ. ಹೇಗೋ ಮಾರ್ಕೆಟ್ ಮುಟ್ಟಿಸಿ ಬಂದ. ಬೆಳಿಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿ ನೋಡಿದರೆ ಏನೂ ಇಲ್ಲ! ಡಾಕ್ಟರ್ ಮನೆ ಬಾಗಿಲು ಕಂಡ ಕೂಡಲೇ ಹೊಟ್ಟೆನೋವು ಬಿಡುವ ಮಕ್ಕಳ ಹಾಗೆ ಸುಮ್ಮನೆ ಗುರುಗುಡುತ್ತಾ ನಿಂತಿತ್ತು.

ಮಾರನೇ ಟ್ರಿಪ್‌ನಲ್ಲಿ ಮತ್ತೆ ಲೈಟು. ಈ ಸಲ ಊರು ಬಿಡುವ ಮೊದಲೇ, ಒಂದು ಹಂಪ್ ಹಾರಿದ ಮೇಲೆ.

ಮೊದಲನೇ ಮೇಸ್ತ್ರಿ ಸ್ಕ್ಯಾನರ್ ಹಾಕಿದರು. ಪಿ 0118 ಅಂತ ಕೋಡ್ ಬಂತು. ಕೆಳಗೆ ಇಂಗ್ಲಿಷಿನಲ್ಲಿ ಉದ್ದಕ್ಕೆ ಒಂದು ಸಾಲು, ಕೂಲೆಂಟ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ಹೈ. ಕೂಲೆಂಟ್ ಅಂದರೆ ಎಂಜಿನ್ ತಣಿಸುವ ದ್ರವ. ಮೇಸ್ತ್ರಿ ಸಾಲಿನ ಕೊನೆಯ ಪದ ಮಾತ್ರ ಓದಿದರು.

"ಹೈ ಅಂತಿದೆ ನೋಡಿ. ಹೀಟ್ ಜಾಸ್ತಿ. ಫ್ಯಾನೂ ನಿಲ್ತಾ ಇಲ್ಲ. ಎಂಜಿನ್ ಬೇಯ್ತಾ ಇದೆ ಸಾರ್."

ನಾನೂ ತಲೆಯಾಡಿಸಿದೆ. ಬೇಯುತ್ತಿದೆ ಅಂದಮೇಲೆ ಬೇಯುತ್ತಿರಬೇಕು. ರೇಡಿಯೇಟರ್ ಬಿಚ್ಚಿ ತೊಳೆದರು. ಹೊಸ ಕೂಲೆಂಟ್ ತುಂಬಿದರು. ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ತೆಗೆದು ನನ್ನ ಕೈಗೆ ಕೊಟ್ಟು, "ನಮ್ಮ ಊರಿನ ಬಿಸಿಲಿಗೆ ಇದು ಬೇಕಾಗಿಲ್ಲ" ಅಂದರು. ಗಂಟಲು ಕೆರೆತಕ್ಕೆ ಅಪೆಂಡಿಕ್ಸ್ ತೆಗೆಸಿಕೊಂಡವನ ಹಾಗೆ ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಸಂಜೆ ಲೈಟ್ ಬಂತು.

ಎರಡನೇ ಮೇಸ್ತ್ರಿ ಸೆನ್ಸರ್ ಬದಲಾಯಿಸಿದರು. ಮೂರು ದಿನ ಎಲ್ಲ ಸರಿ. ಮನೆಯಲ್ಲಿ ಹೋಳಿಗೆ ಮಾಡಿಸೋಣ ಅನ್ನುವಷ್ಟರಲ್ಲಿ ಲೈಟು. "ಡೂಪ್ಲಿಕೇಟ್ ಬಂದಿರ್ಬೇಕು" ಅಂತ ಇನ್ನೊಂದು ಹಾಕಿದರು. ಅದು ಎರಡೇ ದಿನ ಬಾಳಿತು. ಮೂರನೆಯವರು ಎಲ್ಲರಿಗಿಂತ ಪ್ರಾಮಾಣಿಕರು. ನನ್ನ ಕಥೆಯನ್ನು ಪೂರ್ತಿ ಕೇಳಿ, "ನೂರು ರೂಪಾಯಿ ಕೊಡಿ, ಆ ಲೈಟೇ ಬರದ ಹಾಗೆ ಮಾಡ್ತೀನಿ" ಅಂದರು. ನಿಜ ಹೇಳುತ್ತೇನೆ, ಜೇಬಿಗೆ ಕೈ ಹಾಕಿದ್ದೆ.

ಆ ಭಾನುವಾರ ಅಕ್ಕನ ಮಗ ದಾವಣಗೆರೆಯಿಂದ ಬಂದ. ಇಂಜಿನಿಯರಿಂಗ್ ಓದುತ್ತಾನೆ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಲೂಟೂತ್ ಡಬ್ಬಿಯನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ ಮೊಬೈಲ್ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಮಾವ, ಎಂಜಿನ್ ಬೇಯ್ತಾ ಇಲ್ಲ. ಮೈನಸ್ 40 ಡಿಗ್ರಿ ಇದೆ."

"ಯಾವ ಡಿಗ್ರಿ?"

"ಯಾವ್ದಾದ್ರೂ ಒಂದೇ ಮಾವ. ಮೈನಸ್ 40ರಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಸೇರ್ತವೆ."

ಅಕ್ಕ ಫೀಸ್ ಕಟ್ಟಿದ್ದು ದಂಡ ಆಗಿಲ್ಲ ಅಂದುಕೊಂಡೆ. ಅವನು ಹೇಳಿದ್ದರ ಸಾರ ಇಷ್ಟು. ಈ ಸೆನ್ಸರ್ ತಣ್ಣಗಿದ್ದಷ್ಟೂ ಕರೆಂಟಿಗೆ ಅಡ್ಡ ನಿಲ್ಲುತ್ತದೆ, ಬಿಸಿಯಾದಷ್ಟೂ ದಾರಿ ಬಿಡುತ್ತದೆ. ಗಾಡಿಯ ಕಂಪ್ಯೂಟರ್ ಐದು ವೋಲ್ಟ್ ಕಳಿಸಿ, ಸೆನ್ಸರ್ ಕಡೆ ಎಷ್ಟು ಉಳಿಯಿತು ಅಂತ ನೋಡಿಕೊಂಡು ಬಿಸಿ ಲೆಕ್ಕ ಹಾಕುತ್ತದೆ. ಎಲ್ಲೋ ವೈರ್ ಬಿಟ್ಟುಹೋದರೆ ಕರೆಂಟ್ ದಾಟುವುದೇ ಇಲ್ಲ, ಐದಕ್ಕೆ ಐದೂ ಹಾಗೇ ಉಳಿಯುತ್ತದೆ. ಅಂದರೆ ಭಯಂಕರ ಚಳಿ! ಅದರ ಅಳತೆಪಟ್ಟಿ ಶುರುವಾಗುವುದೇ ಮೈನಸ್ 40ರಿಂದ, ಅದಕ್ಕೇ ಅಲ್ಲಿ ಕೂತಿದೆ. 'ಹೈ' ಅಂದದ್ದು ವೋಲ್ಟೇಜನ್ನು, ಬಿಸಿಯನ್ನಲ್ಲ. ಅಂದರೆ ಕಂಪ್ಯೂಟರ್ ಚಳಿ ಚಳಿ ಅಂತ ಬಡಿದುಕೊಳ್ಳುತ್ತಿದ್ದಾಗ ನಾವು ಅದರ ಎದೆಯಲ್ಲಿದ್ದ ವಾಲ್ವ್ ಕಿತ್ತು, ಮೇಲೆ ತಣ್ಣೀರು ಸುರಿದಿದ್ದೆವು.

"ಚಳಿ ಆದ್ರೆ ಫ್ಯಾನ್ ಯಾಕೆ ಹಾಕ್ಕೊಂಡಿದೆ?" ಅಂದೆ. ಇದು ಒಳ್ಳೆಯ ಪ್ರಶ್ನೆ ಅಂತ ನನಗೆ ಈಗಲೂ ಅನಿಸುತ್ತದೆ.

"ಅದಕ್ಕೆ ಸೆನ್ಸರ್ ಮೇಲೆ ನಂಬಿಕೆ ಹೋಗಿದೆ ಮಾವ. ನಿಜವಾಗ್ಲೂ ಬೇಯ್ತಾ ಇದ್ರೆ ಅಂತ ಭಯಕ್ಕೆ ಫ್ಯಾನ್ ಹಾಕಿದೆ. ಚಳಿ ಇದ್ರೂ ಇರ್ಬಹುದು ಅಂತ ಹೀಟರೂ ಹಾಕಿದೆ."

ಈ ಕಾಯಿಲೆ ನನಗೆ ಹೊಸದಲ್ಲ. ನಮ್ಮ ತಾತ ಚಳ್ಳಕೆರೆ ಕಂಬಳಿಯನ್ನು ತಲೆತನಕ ಹೊದ್ದು, ಫ್ಯಾನ್ ಐದರಲ್ಲಿಟ್ಟು ಮಲಗುತ್ತಿದ್ದರು. ಯಾರಾದರೂ ಒಂದನ್ನು ತೆಗೆದರೆ ಎದ್ದು ಕೂರುತ್ತಿದ್ದರು.

ಪರೀಕ್ಷೆ ಶುರುವಾಯಿತು. ಮೊದಲು ಸೆನ್ಸರ್. ಬಿಚ್ಚಿ ತಂದು, ಮಲ್ಟಿಮೀಟರ್ ಹಚ್ಚಿ, ಅಡುಗೆಮನೆಯಲ್ಲಿ ನೀರು ಕಾಯಿಸಿದೆವು. ತಣ್ಣೀರಿನಲ್ಲಿ ಎರಡು ಸಾವಿರ ಓಮ್ ಚಿಲ್ಲರೆ. ಕಾಯುತ್ತಾ ಹೋದ ಹಾಗೆ ಸಾವಿರ, ಐನೂರು, ಕುದಿ ಬರುವಾಗ ಇನ್ನೂರರ ಆಸುಪಾಸು. ಈರುಳ್ಳಿ ರೇಟ್ ಇಳಿಯುವುದನ್ನು ಬಿಟ್ಟರೆ ಇಷ್ಟು ನೀಟಾಗಿ ಇಳಿದದ್ದನ್ನು ನಾನು ನೋಡಿಲ್ಲ. ಸೆನ್ಸರ್ ಸರಿ ಇದೆ ಅಂತ ಕುಣಿಯುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ರೀ, ಅದು ಟೀ ಪಾತ್ರೆ ಅಲ್ವಾ?"

ಅಲ್ಲಿಗೆ ಪರೀಕ್ಷೆಯನ್ನು ಅಂಗಳಕ್ಕೆ ವರ್ಗಾಯಿಸಿದೆವು. ಇನ್ನು ವೈರ್. ಹುಡುಗ ಅತ್ತೆಯ ಹೇರ್‌ಪಿನ್ ಒಂದನ್ನು ಕೇಳದೆಯೇ ತಂದು, ಬಗ್ಗಿಸಿ, ಸೆನ್ಸರ್‌ಗೆ ಸಿಕ್ಕಿಸುವ ಕಪ್ಲರ್‌ನ ಎರಡೂ ತೂತಿಗೆ ತೂರಿಸಿದ. ಮೊಬೈಲ್‌ನಲ್ಲಿ ಮೈನಸ್ 40 ಇದ್ದದ್ದು ಒಂದೇ ಏಟಿಗೆ 140 ಆಯಿತು. ದಾರಿ ಪೂರ್ತಿ ಬಿಟ್ಟರೆ ಬೆಂಕಿ ಬಿಸಿ ಅಂತ ಅರ್ಥ. ವೈರೂ ಸರಿ, ಕಂಪ್ಯೂಟರೂ ಸರಿ.

ಸೆನ್ಸರ್ ಸರಿ. ವೈರ್ ಸರಿ. ಎರಡನ್ನೂ ಸೇರಿಸಿದರೆ ಮೈನಸ್ 40. ಹುಡುಗಿ ಒಳ್ಳೆಯವಳು, ಹುಡುಗ ಒಳ್ಳೆಯವನು, ಒಂದು ಮನೆಯಲ್ಲಿ ಇಟ್ಟರೆ ಪಂಚಾಯ್ತಿ. ಅಕ್ಕನ ಮಗ ತಲೆ ಕೆರೆದುಕೊಂಡ. ಅವನ ಸಿಲಬಸ್ ಅಲ್ಲಿಗೆ ಮುಗಿದಿತ್ತು. ಸಂಜೆ ಬಸ್ಸಿಗೆ ಹೊರಟೂ ಹೋದ.

ಕೊನೆಗೆ ಡ್ರೈವರೇ ಬಸ್‌ಸ್ಟ್ಯಾಂಡ್ ಹಿಂದಿನ ಚಾಚಾ ಹತ್ತಿರ ಕರೆದುಕೊಂಡು ಹೋದ. ಅವರದು ಹಳೇ ಎಲೆಕ್ಟ್ರಿಕಲ್ ಅಂಗಡಿ. ಸೆಲ್ಫ್, ಡೈನಮೋ, ಹಾರ್ನ್ ಕೆಲಸ. ಸ್ಕ್ಯಾನರ್ ಇಲ್ಲ. ದಾರದಲ್ಲಿ ಕಟ್ಟಿದ ಕನ್ನಡಕ ಇದೆ. ನಾನು ಪಿ 0118ರಿಂದ ಶುರುಮಾಡಿ ಐದು ವೋಲ್ಟ್, ಓಮ್, ಫ್ಯಾರನ್‌ಹೀಟ್ ಎಲ್ಲ ಹೇಳಿದೆ. ಅವರು ಚಹಾ ಮುಗಿಸುವ ತನಕ ಕೇಳಿದರು. ಎದ್ದು ಬಂದು, ಕಪ್ಲರ್ ಸಿಕ್ಕಿಸಿದ್ದ ಹಾಗೇ ಅದರ ಹಿಂದಿನ ವೈರ್‌ಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರು. ಒಂದು ಅಲುಗಲಿಲ್ಲ. ಇನ್ನೊಂದು ಹುಣಸೆಹಣ್ಣಿನ ಬೀಜದ ಹಾಗೆ ಜಾರಿ ಹಿಂದಕ್ಕೆ ಬಂತು.

ಒಳಗಿನ ಹಿತ್ತಾಳೆ ಪಿನ್ನನ್ನು ಹಿಡಿದುಕೊಳ್ಳುವ ಸಣ್ಣ ಕಿವಿ ಮುರುಟಿಹೋಗಿತ್ತು. ಕಪ್ಲರ್ ಒತ್ತಿದಾಗಲೆಲ್ಲ ಸೆನ್ಸರ್‌ನ ಕಡ್ಡಿ ಆ ಪಿನ್ನನ್ನು ಹಿಂದಕ್ಕೆ ದಬ್ಬುತ್ತಿತ್ತು. ತುದಿ ತಾಗಿದರೆ ತಾಗಿತು. ಹಂಪ್ ಹಾರಿದರೆ ಬಿಟ್ಟಿತು. ಹೇರ್‌ಪಿನ್ ಸಪೂರ, ಉದ್ದ, ಒಳಗಿನ ತನಕ ಹೋಗಿ ಮುಟ್ಟಿತ್ತು. ಹೊಸ ಸೆನ್ಸರ್ ಹಾಕಿದಾಗೆಲ್ಲ ಅಲ್ಲಾಡಿಸಿದ ಪುಣ್ಯಕ್ಕೆ ಎರಡು ಮೂರು ದಿನ ನಡೆದಿತ್ತು.

ಚಾಚಾ ಸೂಜಿಯಿಂದ ಆ ಕಿವಿಯನ್ನು ಎಬ್ಬಿಸಿ ಪಿನ್ ಒಳಗೆ ತಳ್ಳಿದರು. ಟಿಕ್ ಅಂತ ಕೂತಿತು.

"ಇದು ತಾನಾಗೇ ಹೀಗಾಗಲ್ಲ," ಅಂದರು ಕನ್ನಡಕದ ಮೇಲಿನಿಂದ ನೋಡುತ್ತಾ. "ಯಾರೋ ಕಪ್ಲರ್ ಕಿತ್ತಿದಾರೆ. ಕಡ್ಡಿ ಪಿನ್ನಿಗೆ ಸರಿಯಾಗಿ ಕೂರೋ ಮೊದಲೇ ಜೋರಾಗಿ ಒತ್ತಿದಾರೆ. ಎಂಜಿನ್ ತೊಳೆದಿದ್ದು ಯಾರು?"

ಆಯುಧ ಪೂಜೆ ಹಿಂದಿನ ದಿನ ಕಣ್ಣ ಮುಂದೆ ಬಂತು. ಶಾಂಪೂ ಸ್ಯಾಶೆ, ಹಳೇ ಟೂತ್‌ಬ್ರಷ್. ಕಪ್ಲರ್ ಸಂದಿಯಲ್ಲಿ ಎಷ್ಟು ಧೂಳು ಅಂತ ಒಂದೊಂದೇ ಕಿತ್ತು, ಉಜ್ಜಿ, ಟಕ್ ಅನ್ನುವ ತನಕ ಹೆಬ್ಬೆರಳಲ್ಲಿ ಒತ್ತಿದವನು ನಾನು. ಒಂದು ಮಾತ್ರ ಟಕ್ ಅನ್ನದೆ ಕರ್ ಅಂದಿತ್ತು. ಅದಕ್ಕೆ ಇನ್ನೂ ಸ್ವಲ್ಪ ಜೋರಾಗಿ ಒತ್ತಿದ್ದೆ.

ನಾನು ಡ್ರೈವರ್ ಕಡೆ ನೋಡಿದೆ. ಅವನು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ.

ಚಾಚಾ 50 ರೂಪಾಯಿ ತೆಗೆದುಕೊಂಡರು. ಥರ್ಮೋಸ್ಟಾಟ್ ವಾಲ್ವನ್ನು ಕರವಸ್ತ್ರದಿಂದ ಬಿಚ್ಚಿ ವಾಪಸ್ ಹಾಕಿಸಲು ಅದರ ಎಷ್ಟೋ ಪಟ್ಟು ಹೋಯಿತು. ಲೈಟ್ ಆಮೇಲೆ ಬಂದಿಲ್ಲ. ಮುಂದಿನ ಪೂಜೆಗೆ ಬಕೆಟ್, ಬ್ರಷ್ ಹಿಡಿದು ಅಂಗಳಕ್ಕೆ ಇಳಿದೆ. ಡ್ರೈವರ್ ಆಗಲೇ ಬಾನೆಟ್ ಮುಚ್ಚಿ ಅದರ ಮೇಲೆ ಹೂವಿನ ಹಾರ ಹಾಕಿ ನಿಂತಿದ್ದ.

"ಎಂಜಿನ್ ಪೂಜೆ ಆಗೋಯ್ತು ಅಣ್ಣ," ಅಂದ. "ನೀವು ಚಕ್ರ ತೊಳೀರಿ."