ನಾವಿಕರ ಮನೆಗಳಿಗೆ ದಾನ: ಸರಿದಾರಿಯೋ, ಹಂಗಿನ ಅನ್ನವೋ?

1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗಿತು. ಸುಮಾರು 900 ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲು ಜನ ವಾಪಸ್ ಬರಲಿಲ್ಲ. ಅವರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನವರು. ಆ ಒಂದೇ ಊರಿನಲ್ಲಿ 500ಕ್ಕೂ ಹೆಚ್ಚು ಮನೆಗಳು ಒಬ್ಬರನ್ನಾದರೂ ಕಳೆದುಕೊಂಡವು. ಆಮೇಲೆ ಆ ಮನೆಗಳು ನಡೆದದ್ದರಲ್ಲಿ ಜನರ ದಾನದ ಪಾಲು ದೊಡ್ಡದು. ಟೈಟಾನಿಕ್ ಒಂದರದೇ ಕಥೆಯಲ್ಲ ಇದು. ಅಟ್ಲಾಂಟಿಕ್ ದಾಟುತ್ತಿದ್ದ ದೊಡ್ಡ ಪ್ರಯಾಣಿಕ ಹಡಗುಗಳ ಆ ಕಾಲದುದ್ದಕ್ಕೂ ನಾವಿಕನ ಕಾಯಿಲೆ, ಮುಪ್ಪು, ಸಾವು ಎಲ್ಲಕ್ಕೂ ಉತ್ತರ ಅಂತ ಇದ್ದದ್ದು ಬಹುಮಟ್ಟಿಗೆ ದತ್ತಿ ಸಂಸ್ಥೆಗಳೇ. ಅದು ಸರಿಯಾದ ದಾರಿಯಾಗಿತ್ತೇ?

ಪರ: ಕೈ ಹಿಡಿದದ್ದು ದಾನವೇ

ಸೌತಾಂಪ್ಟನ್‌ನ ಕನ್ಯೂಟ್ ರಸ್ತೆಯಲ್ಲಿ ಟೈಟಾನಿಕ್ ನಡೆಸುತ್ತಿದ್ದ ವೈಟ್ ಸ್ಟಾರ್ ಕಂಪನಿಯ ಕಚೇರಿ ಇತ್ತು. ಬದುಕುಳಿದವರ ಪಟ್ಟಿಯನ್ನು ಅಲ್ಲಿ ಹೊರಗೆ ಅಂಟಿಸುತ್ತಿದ್ದರು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದಿನಗಟ್ಟಲೆ ಆ ಕಚೇರಿ ಎದುರು ನಿಂತರು. ಅವರ ಮನೆಗಳಲ್ಲಿ ಮೊದಲೇ ಕಾಸಿರಲಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ದೇಶದ ತುಂಬ ಕಲ್ಲಿದ್ದಲು ಗಣಿಗಳ ಮುಷ್ಕರ ನಡೆದಿತ್ತು. ಕಲ್ಲಿದ್ದಲು ಸಿಗದೆ ಹಡಗುಗಳು ಬಂದರಿನಲ್ಲೇ ನಿಂತಿದ್ದವು. ಕೆಲಸವಿಲ್ಲದೆ ಕೂತಿದ್ದ ಎಷ್ಟೋ ಗಂಡಸರು, ಟೈಟಾನಿಕ್‌ನಲ್ಲಿ ಕೆಲಸ ಸಿಕ್ಕಿದ್ದೇ ಪುಣ್ಯ ಅಂತ ಹತ್ತಿದವರು. ಅಂಥ ಮನೆಗೆ ಸಾವಿನ ಸುದ್ದಿ ಬಂದರೆ ಮಾರನೇ ದಿನ ಒಲೆ ಹೊತ್ತಿಸುವುದು ಹೇಗೆ?

ಆ ಹೊತ್ತಿಗೆ ಬಂದದ್ದು ದಾನ. ಸೌತಾಂಪ್ಟನ್ ಮೇಯರ್ ಒಂದು ನಿಧಿ ತೆರೆದರು. ಲಂಡನ್ನಿನ ಲಾರ್ಡ್ ಮೇಯರ್ ತಮ್ಮ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸ್‌ನಲ್ಲಿ ಇನ್ನೊಂದು ತೆರೆದರು. ಒಟ್ಟಾದ ಹಣ 4 ಲಕ್ಷ ಪೌಂಡಿಗೂ ಮಿಕ್ಕಿತು. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ಗೆ ತಿಂಗಳಿಗೆ 6 ಪೌಂಡ್ ಸಂಬಳ ಇದ್ದ ಕಾಲ ಅದು. ಕೊಟ್ಟವರು ಬರೀ ಶ್ರೀಮಂತರಲ್ಲ, ಬೀದಿಯಲ್ಲಿ ಡಬ್ಬಿಗೆ ಚಿಲ್ಲರೆ ಹಾಕಿದವರೂ ಇದ್ದರು. ಒಂದು ಸಲ ಕೊಟ್ಟು ಕೈ ತೊಳೆದುಕೊಂಡ ನಿಧಿಯೂ ಅಲ್ಲ ಇದು. ವಿಧವೆಯರಿಗೆ, ಮಕ್ಕಳಿಗೆ ವಾರ ವಾರ ಹಣ ಹೋಯಿತು. ಮಕ್ಕಳು ಕೆಲಸ ಕಲಿಯುವುದಕ್ಕೆ, ಕಾಯಿಲೆ ಬಿದ್ದಾಗ ಆರೈಕೆಗೆ ಬೇರೆಯಾಗಿ ಕೊಟ್ಟರು. ಎರಡು ಮಹಾಯುದ್ಧ ದಾಟಿ 1950ರ ದಶಕದ ಕೊನೆಯವರೆಗೆ ಆ ನಿಧಿ ನಡೆಯಿತು. ಅಷ್ಟು ವರ್ಷ ಮಾತು ಉಳಿಸಿಕೊಳ್ಳುವುದು ಸುಮ್ನೆ ಆಗುವ ಕೆಲಸವಲ್ಲ.

ಕಾನೂನು ಇತ್ತಲ್ಲ ಅನ್ನಬಹುದು. ಇತ್ತು. 1906ರ ಕಾರ್ಮಿಕ ಪರಿಹಾರ ಕಾಯ್ದೆ ನಾವಿಕರನ್ನೂ ಒಳಗೊಂಡಿತ್ತು. ಆದರೆ ಟೈಟಾನಿಕ್‌ನ ಎಂಟು ಜನ ವಾದ್ಯಗಾರರ ಕಥೆ ನೋಡಿ. ಹಡಗು ಮುಳುಗುವಾಗ ಡೆಕ್ ಮೇಲೆ ನಿಂತು ನುಡಿಸಿದವರು ಅವರು. ಅವರನ್ನು ಕೆಲಸಕ್ಕೆ ತಂದದ್ದು ಲಿವರ್‌ಪೂಲಿನ ಒಂದು ಏಜೆನ್ಸಿ, ಹಡಗು ಹತ್ತಿದ್ದು ಎರಡನೇ ದರ್ಜೆಯ ಟಿಕೆಟ್ ಮೇಲೆ. ಹಾಗಾಗಿ ಇವರು ನಮ್ಮ ನೌಕರರಲ್ಲ ಅಂತ ಹಡಗು ಕಂಪನಿ ಹೇಳಿತು. ಒಬ್ಬ ವಾದ್ಯಗಾರನ ತಂದೆಗೆ, ಮಗ ಸತ್ತ ಎರಡೇ ವಾರಕ್ಕೆ, ಮಗನ ಸಮವಸ್ತ್ರದ ಬಾಕಿ ಕಟ್ಟಿ ಅಂತ ಏಜೆನ್ಸಿಯಿಂದ ಪತ್ರ ಬಂತು. ಕಾಯ್ದೆಯಿಂದ ಆ ಮನೆಗಳಿಗೆ ಏನೂ ಸಿಗಲಿಲ್ಲ. ಅವರ ಪಾಲಿಗೆ ನಿಂತದ್ದು ದಾನವೇ. ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸುಮಾರು 500 ಸಂಗೀತಗಾರರು ಸೇರಿ ಅವರಿಗಾಗಿ ಕಛೇರಿ ನಡೆಸಿದರು. ಎಲ್ಗರ್, ಹೆನ್ರಿ ವುಡ್‌ರಂಥ ಹೆಸರಾಂತ ಸಂಗೀತಗಾರರು ಅಲ್ಲಿ ವಾದ್ಯವೃಂದ ನಡೆಸಿದರು. ಕಾಯ್ದೆ ಕಾಗದ ನೋಡುತ್ತದೆ. ಕೊಡುವವರು ಮನೆ ನೋಡಿದರು.

ಇನ್ನು ಊರು ಬಿಟ್ಟು ಬಂದ ನಾವಿಕನ ಗತಿ ನೋಡಿ. ಅವನಿಗೆ ಪರದೇಶದ ಬಂದರಿನಲ್ಲಿ ವೋಟಿಲ್ಲ, ಮನೆಯಿಲ್ಲ, ಹೆಂಡದಂಗಡಿ ಮತ್ತು ಮೋಸದ ಬೋರ್ಡಿಂಗ್ ಬಿಟ್ಟರೆ ಗತಿಯಿಲ್ಲ. ನ್ಯೂಯಾರ್ಕಿನ ವೆಸ್ಟ್ ಸ್ಟ್ರೀಟಿನಲ್ಲಿ ಅಮೆರಿಕನ್ ಸೀಮೆನ್ಸ್ ಫ್ರೆಂಡ್ ಸೊಸೈಟಿ 1908ರಲ್ಲಿ ನಾವಿಕರ ವಸತಿಗೃಹ ಕಟ್ಟಿತು. ಹಡಗಿನ ಕ್ಯಾಬಿನ್ನಿನಷ್ಟೇ ಸಣ್ಣ ಕೋಣೆಗಳು, ಆದರೆ ಚೊಕ್ಕಟ, ಬಾಡಿಗೆ ಕಡಿಮೆ. ಟೈಟಾನಿಕ್‌ನಿಂದ ಬದುಕಿ ಬಂದ ಸಿಬ್ಬಂದಿಯಲ್ಲಿ ಕೆಲವರಿಗೆ ಆಸರೆ ಸಿಕ್ಕಿದ್ದು ಅಲ್ಲೇ, ಸತ್ತ ಜೊತೆಗಾರರಿಗಾಗಿ ಅವರು ಸೇರಿ ಪ್ರಾರ್ಥಿಸಿದ್ದೂ ಅಲ್ಲೇ.

ನಮ್ಮ ಖಲಾಸಿಗಳ ವಿಷಯಕ್ಕೆ ಬರೋಣ. ಬಾಂಬೆ, ಕಲ್ಕತ್ತಾದಿಂದ ಹಡಗಿನಲ್ಲಿ ಹೋದವರು ವಾಪಸ್ ಹಡಗು ಸಿಗದೆ ಲಂಡನ್ನಿನ ಬೀದಿಯಲ್ಲಿ ಚಳಿಗೆ, ಹಸಿವಿಗೆ ಬೀಳುತ್ತಿದ್ದರು. ಅವರಿಗಾಗಿ ಲೈಮ್‌ಹೌಸ್‌ನಲ್ಲಿ 1857ರಲ್ಲಿ ಒಂದು ಆಶ್ರಯ ತೆರೆಯಿತು, ಸ್ಟ್ರೇಂಜರ್ಸ್ ಹೋಮ್ ಅಂತ. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಅದಕ್ಕೆ 500 ಪೌಂಡ್ ಕೊಟ್ಟಿದ್ದರು. ಸರ್ಕಾರಕ್ಕೆ ಕಾಣದ ಜನ ದಾನಿಗಳ ಕಣ್ಣಿಗೆ ಬಿದ್ದರು.

ಆಸ್ಪತ್ರೆಯ ಮಾತು ಹೇಳದೆ ಮುಗಿಸಲಾರೆ. ಸೀಮೆನ್ಸ್ ಹಾಸ್ಪಿಟಲ್ ಸೊಸೈಟಿ 1821ರಲ್ಲಿ ಶುರುವಾದದ್ದು ವಂತಿಗೆಯಿಂದ. ಯಾವ ದೇಶದ ನಾವಿಕನೇ ಬರಲಿ, ಸೇರಿಸಿಕೊಳ್ಳುತ್ತಿತ್ತು. ಅದರ ವಾರ್ಡುಗಳಿಗೆ ಮಲೇರಿಯಾ, ಬೆರಿಬೆರಿ ಹೊತ್ತು ಬಂದವರನ್ನು ನೋಡುತ್ತಲೇ ವೈದ್ಯರು ಕಲಿತರು. ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ 1899ರಲ್ಲಿ ಲಂಡನ್ನಿನ ಉಷ್ಣವಲಯದ ಕಾಯಿಲೆಗಳ ವೈದ್ಯಕೀಯ ಶಾಲೆಯನ್ನು ಕಟ್ಟಿದ್ದು ಆ ಸೊಸೈಟಿಯ ಆಸ್ಪತ್ರೆಯಲ್ಲೇ. ನಾವಿಕನ ಹೆಸರಿನಲ್ಲಿ ಕೊಟ್ಟ ಕಾಸು ನಾವಿಕನಾಚೆಗೂ ಎಷ್ಟೋ ಜೀವ ಉಳಿಸಿತು.

ಸರ್ಕಾರ ಕೊಡಬೇಕಿತ್ತು, ಕಂಪನಿ ಕೊಡಬೇಕಿತ್ತು, ನಿಜ. ಅವರು ಕೊಡುವವರೆಗೆ ಆ ಮಕ್ಕಳನ್ನು ಉಪವಾಸ ಕೆಡವಬೇಕಿತ್ತೇ?

ವಿರೋಧ: ದುಡಿದವನ ಮನೆಗೆ ಭಿಕ್ಷೆ ಯಾಕೆ?

ಮೊದಲು ಒಂದು ಲೆಕ್ಕ ಕೇಳಿ. ಟೈಟಾನಿಕ್‌ನ ಸಿಬ್ಬಂದಿಗೆ ಸಂಬಳ ನಿಂತದ್ದು ಯಾವಾಗ? ಹಡಗು ಮುಳುಗಿದ ಗಳಿಗೆಗೆ. 1894ರ ಬ್ರಿಟಿಷ್ ಹಡಗು ಕಾಯ್ದೆ ಹಾಗೇ ಹೇಳುತ್ತಿತ್ತು: ಹಡಗು ಹೋದರೆ ಕರಾರು ಮುಗಿಯಿತು, ಅಲ್ಲಿಗೆ ಸಂಬಳವೂ ಮುಗಿಯಿತು. ಲೈಫ್‌ಬೋಟಿನಲ್ಲಿ ಕೂತು, ಕೊರೆಯುವ ಚಳಿಯಲ್ಲಿ ಬೆಳಗಿನವರೆಗೆ ಹುಟ್ಟು ಹಾಕಿ ಪ್ರಯಾಣಿಕರನ್ನು ಉಳಿಸಿದ ನಾವಿಕನಿಗೆ ಆ ಹೊತ್ತಿನ ಕೂಲಿ ಇಲ್ಲ. ಎರಡನೆಯವರ ದಯೆ ಬೇಕಾಗಿ ಬಂದದ್ದು ಇಂಥ ಕಾನೂನಿನಿಂದ. ಬಡತನ ಆಕಾಶದಿಂದ ಬಿದ್ದದ್ದಲ್ಲ.

ಪರ ವಾದದವರು ಆ ದೊಡ್ಡ ನಿಧಿಯನ್ನು ಕೊಂಡಾಡಿದರು. ಅದನ್ನು ಹಂಚಿದ್ದು ಹೇಗೆ ಅಂತಲೂ ನೋಡಬೇಕು. ಸತ್ತವನ ಹುದ್ದೆ, ಸಂಪಾದನೆ ನೋಡಿ ವಿಧವೆಯರನ್ನು ‘ಎ’ಯಿಂದ ‘ಜಿ’ವರೆಗೆ ದರ್ಜೆ ಮಾಡಿದರು. ಅಧಿಕಾರಿಯ ಹೆಂಡತಿಗೆ ವಾರಕ್ಕೆ 2 ಪೌಂಡ್. ಫೈರ್‌ಮನ್ ಹೆಂಡತಿಗೆ 12 ಶಿಲಿಂಗ್ 6 ಪೆನ್ಸ್. ಒಂದು ಪೌಂಡಿಗೆ 20 ಶಿಲಿಂಗ್. ಅಂದರೆ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ದಾನ ಕೊಟ್ಟವರು ಡಬ್ಬಿಗೆ ಕಾಸು ಹಾಕುವಾಗ ಇದು ಇಂಥ ದರ್ಜೆಗೆ ಅಂತ ಹಾಕಿರಲಿಲ್ಲ. ಇಬ್ಬರ ಮಕ್ಕಳ ಹೊಟ್ಟೆಯೂ ಒಂದೇ ಅಲ್ವಾ?

ಇಷ್ಟೂ ಷರತ್ತಿನ ಮೇಲೆ. ನಿಧಿಯ ಪರವಾಗಿ ಒಬ್ಬ ಮಹಿಳೆ ಮನೆ ಮನೆಗೆ ಬಂದು ನೋಡುತ್ತಿದ್ದರು. ಮನೆ ಚೊಕ್ಕಟವಾಗಿದೆಯೇ, ಹೆಂಗಸು ಕುಡಿಯುತ್ತಾಳೆಯೇ, ಯಾರಾದರೂ ಗಂಡಸು ಬಂದು ಹೋಗುತ್ತಾನೆಯೇ. ನಡತೆ ಸರಿಯಿಲ್ಲ ಅಂತ ಸಮಿತಿಗೆ ಅನ್ನಿಸಿದರೆ ಹಣ ನಿಲ್ಲಿಸಬಹುದಿತ್ತು. ಮರುಮದುವೆಯಾದರೆ ವಿಧವೆಯ ಪಾಲು ನಿಂತುಹೋಗುತ್ತಿತ್ತು. ಗಂಡನ ಸಾವಿನ ಹಣಕ್ಕೆ ಹೆಂಡತಿ ಜೀವನಪೂರ್ತಿ ಒಳ್ಳೆಯವಳು ಅನ್ನಿಸಿಕೊಳ್ಳುತ್ತಾ ಇರಬೇಕು. ನಮ್ಮಲ್ಲಿ ಹಂಗಿನ ಅನ್ನ ಅನ್ನುತ್ತೇವಲ್ಲ, ಅದು ಇದೇ. ದುಡಿದ ಸಂಬಳವನ್ನು ಯಾರೂ ಹೀಗೆ ಮನೆಗೆ ಬಂದು ಪರೀಕ್ಷೆ ಮಾಡಿ ಕೊಡುವುದಿಲ್ಲ.

ದಾನಕ್ಕೆ ಇನ್ನೊಂದು ದೊಡ್ಡ ಕೊರತೆಯಿದೆ. ಸುದ್ದಿಯಾದ ಸಾವಿಗೇ ಅದು ಹರಿಯುತ್ತದೆ. ಟೈಟಾನಿಕ್ ಲೋಕದ ಬಾಯಲ್ಲಿತ್ತು, ಹಣ ಬಂತು. ಹೆಸರಿಲ್ಲದ ಒಂದು ಸರಕು ಹಡಗಿನಲ್ಲಿ ಒಬ್ಬನೇ ಒಬ್ಬ ಕಲ್ಲಿದ್ದಲು ಗುಂಡಿಗೆ ಬಿದ್ದು ಸತ್ತರೆ ಯಾವ ಲಾರ್ಡ್ ಮೇಯರ್ ನಿಧಿ ತೆರೆಯುತ್ತಾರೆ? ಅವನ ಹೆಂಡತಿಯ ದುಃಖವೇನು ಸಣ್ಣದೇ?

ಆ ಕಾಲದ ಪ್ರಯಾಣಿಕ ಹಡಗುಗಳಲ್ಲಿ ಒಂದು ಪದ್ಧತಿ ಇತ್ತು. ಬಂದರು ಮುಟ್ಟುವುದಕ್ಕೆ ಒಂದೆರಡು ರಾತ್ರಿ ಮೊದಲು ಹಡಗಿನ ಸಭಾಂಗಣದಲ್ಲಿ ಸಂಗೀತ ಕಾರ್ಯಕ್ರಮ. ಪ್ರಯಾಣಿಕರಲ್ಲೇ ಹಾಡಬಲ್ಲವರು ಹಾಡುತ್ತಿದ್ದರು, ಹೆಸರಾಂತ ನಟರಿದ್ದರೆ ಅವರೂ ಬರುತ್ತಿದ್ದರು. ಹಡಗಿನ ಮುದ್ರಣ ಕೋಣೆಯಲ್ಲೇ ಅಚ್ಚಾದ ಕಾರ್ಯಕ್ರಮ ಪಟ್ಟಿಯನ್ನು ಮಾರುತ್ತಿದ್ದರು. ಬಂದ ಹಣ ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನ ನಾವಿಕರ ದತ್ತಿಗಳಿಗೆ ಅಂತ ಆ ಪಟ್ಟಿಯ ಮೇಲೇ ಇರುತ್ತಿತ್ತು. ಹಾಡಿದವರ, ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದೇ ಹೊತ್ತಿಗೆ ಕೆಳಗಿನ ಅಂತಸ್ತಿನಲ್ಲಿ, ಬಾಯ್ಲರಿನ ಧಗೆಯಲ್ಲಿ ಒಬ್ಬ ಸಲಿಕೆ ಹಿಡಿದು ನಿಂತಿದ್ದಾನೆ. ಅವನು ಸತ್ತರೆ ಅವನ ಮಕ್ಕಳು ಅನಾಥಾಲಯಕ್ಕೆ ಹೋಗುತ್ತಾರೋ ಇಲ್ಲವೋ ಅನ್ನುವುದು ಮೇಲಿನವರ ಆ ರಾತ್ರಿಯ ಉದಾರತನದ ಮೇಲೆ ನಿಂತಿದೆ. ಪ್ರಯಾಣಿಕರು ಟಿಕೆಟ್ಟಿಗೆ ದುಡ್ಡು ಕೊಟ್ಟಾಗಿತ್ತು. ನಾವಿಕನ ಮನೆಯ ಭದ್ರತೆಯ ಖರ್ಚು ಆ ಟಿಕೆಟ್ಟಿನ ದರದಲ್ಲೇ ಇರಬೇಕಿತ್ತು, ಕಲ್ಲಿದ್ದಲಿನ ಖರ್ಚು ಇದ್ದ ಹಾಗೆ.

ಕಂಪನಿಯ ಮಾಲೀಕರೂ ಕೊಟ್ಟರು. ವೈಟ್ ಸ್ಟಾರ್ ಕಟ್ಟಿ ಬೆಳೆಸಿದ ಥಾಮಸ್ ಇಸ್ಮೇ 1887ರಲ್ಲಿ ಲಿವರ್‌ಪೂಲ್ ನಾವಿಕರ ಪಿಂಚಣಿ ನಿಧಿಗೆ 20,000 ಪೌಂಡ್ ಕೊಟ್ಟಿದ್ದರು. ಟೈಟಾನಿಕ್ ಮುಳುಗಿದ ಮೇಲೆ ಅವರ ಮಗ ಬ್ರೂಸ್ ಇಸ್ಮೇ ನಾವಿಕರ ವಿಧವೆಯರ ನಿಧಿಗೆ 10,000 ಪೌಂಡ್ ಕೊಟ್ಟರು. ದೊಡ್ಡ ಮೊತ್ತವೇ. ಆದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅನ್ನುವ ತೀರ್ಮಾನ ಪೂರ್ತಿ ಕೊಡುವವನ ಕೈಯಲ್ಲಿತ್ತು. ಪಡೆಯುವವರು ಕೇಳುವ ಹಾಗಿಲ್ಲ.

ನಮ್ಮ ಖಲಾಸಿಗಳ ಪ್ರಸಂಗ ಪರ ವಾದವನ್ನೇ ಬೀಳಿಸುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಸುಮಾರು 50,000 ಖಲಾಸಿಗಳಿದ್ದರು. ಗೋವಾದವರು ಅಡುಗೆಗೆ, ಬಡಿಸುವುದಕ್ಕೆ. ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ಟಿನವರು, ಪಂಜಾಬಿನವರು ಎಂಜಿನ್ ಕೋಣೆಗೆ. ಕೊಂಕಣ ಕರಾವಳಿಯವರು ಡೆಕ್ ಕೆಲಸಕ್ಕೆ. ಬಿಳಿ ನಾವಿಕನಿಗಿಂತ ಎಷ್ಟೋ ಕಡಿಮೆ ಸಂಬಳಕ್ಕೆ, ಬೇರೆಯೇ ಕರಾರಿನ ಮೇಲೆ. ಕೆಲಸ ಕೊಡಿಸಿದ ಸಾರಂಗನಿಗೆ, ಅಂದರೆ ಖಲಾಸಿಗಳ ಮೇಸ್ತ್ರಿಗೆ, ಅದರಲ್ಲೂ ಪಾಲು ಹೋಗುತ್ತಿತ್ತು. ಲಂಡನ್ನಿನಲ್ಲಿ ಒಂದು ಆಶ್ರಯ ಕಟ್ಟಿದರೆ ಆ ಸಂಬಳ ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಅವರು ಬೀದಿಗೆ ಬಿದ್ದದ್ದು ಯಾಕೆ ಅನ್ನುವ ಪ್ರಶ್ನೆಗೆ ಆಶ್ರಯದಲ್ಲಿ ಉತ್ತರವಿರಲಿಲ್ಲ. ಬಾಂಬೆಯಲ್ಲಿ ಗೋವಾದ ನಾವಿಕರು ಊರಿಗೊಂದರಂತೆ ‘ಕೂಡ್’ ಕಟ್ಟಿಕೊಂಡಿದ್ದರು, ಹೆಚ್ಚಾಗಿ ಧೋಬಿ ತಲಾವ್ ಕಡೆ. ತಿಂಗಳಿಗೆ ಇಷ್ಟು ಅಂತ ವಂತಿಗೆ. ಹಡಗಿಗೆ ಕಾಯುವಾಗ ತಂಗುವುದಕ್ಕೆ ಜಾಗ, ಪೆಟ್ಟಿಗೆ ಇಡುವುದಕ್ಕೆ ಮೂಲೆ. ಇದು ದಾನವಲ್ಲ, ತಮ್ಮದೇ ದುಡ್ಡು. ಸದಸ್ಯ ತಲೆ ಎತ್ತಿಕೊಂಡು ಒಳಗೆ ಬರುತ್ತಿದ್ದ.

ವಾದ್ಯಗಾರರ ಕಥೆ ಕೇಳಿದಾಗ ನನಗೂ ಕರುಳು ಕಿವುಚುತ್ತದೆ. ಆದರೆ ಅದರಿಂದ ಕಲಿಯಬೇಕಾದ್ದು ಕಾಯ್ದೆಯನ್ನು ಅಗಲ ಮಾಡಬೇಕು ಅನ್ನುವುದು. ಏಜೆನ್ಸಿ ಮೂಲಕ ಬಂದವನೂ ಸಿಬ್ಬಂದಿಯೇ ಅಂತ ಬರೆಯುವುದಕ್ಕೆ ಒಂದು ಸಾಲು ಸಾಕಿತ್ತು. ಮುಷ್ಕರಕ್ಕೆ, ಸಂಘಕ್ಕೆ ಬೆಲೆ ಇರುವುದು ಇಲ್ಲೇ. ಟೈಟಾನಿಕ್ ಮುಳುಗಿ ಹತ್ತು ದಿನವೂ ಆಗಿರಲಿಲ್ಲ, ಅದರ ಜೋಡಿ ಹಡಗು ಒಲಿಂಪಿಕ್‌ನ ಫೈರ್‌ಮನ್‌ಗಳು, ಲೈಫ್‌ಬೋಟುಗಳು ನಂಬುವ ಹಾಗಿಲ್ಲ ಅಂತ ಹಡಗು ಬಿಟ್ಟು ಇಳಿದರು. ಅವರ ಹಿಂದೆ ಇಳಿದ ಕೆಲವು ನಾವಿಕರ ಮೇಲೆ ದಂಗೆಯ ಕೇಸು ಬಿತ್ತು, ಆದರೂ ಅವರಿಗೆ ಶಿಕ್ಷೆಯಾಗಲಿಲ್ಲ. ಸತ್ತ ಮೇಲೆ ಬರುವ ವಂತಿಗೆಗಿಂತ ಸಾಯದ ಹಾಗೆ ಮಾಡುವ ದೋಣಿ ಕೊಡಿ ಅಂತ ಕೇಳಿದವರು ಆ ಫೈರ್‌ಮನ್‌ಗಳು.

ಮುಳುಗಿದರೆ ಸಂಬಳ ಬಂದ್ ಅನ್ನುವ ನಿಯಮ ಹೋದದ್ದೂ ದಾನದಿಂದಲ್ಲ. 1920ರಲ್ಲಿ ಜಿನೋವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಂದು ಒಪ್ಪಂದ ಮಾಡಿತು. ಹಡಗು ಹೋದರೆ ನಾವಿಕನಿಗೆ ಎರಡು ತಿಂಗಳವರೆಗಿನ ಸಂಬಳ ಮಾಲೀಕ ಕೊಡಬೇಕು ಅಂತ. ಬ್ರಿಟನ್ 1925ರಲ್ಲಿ ಅದನ್ನು ಕಾನೂನಿಗೆ ತಂದಿತು. ಟೈಟಾನಿಕ್ ಆಗಿ ಹದಿಮೂರು ವರ್ಷಕ್ಕೆ. ನಡುವಿನ ಅಷ್ಟೂ ವರ್ಷ ದತ್ತಿ ಸಂಸ್ಥೆಗಳು ಇದ್ದವು, ದುಡಿದವು. ಆ ಒಂದು ಕಲಂ ಬದಲಾಗಲಿಲ್ಲ.

ಈಗ ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದಲೂ ಹುಡುಗರು ಮರ್ಚೆಂಟ್ ನೇವಿಗೆ ಹೋಗುತ್ತಾರೆ. ಮಾಲೀಕ ದಿವಾಳಿಯಾಗಿ ಹಡಗನ್ನು ಯಾವುದೋ ಬಂದರಿನ ಹೊರಗೆ ಬಿಟ್ಟು ಓಡಿದರೆ ಸಂಬಳವಿಲ್ಲ, ಊಟಕ್ಕೂ ತತ್ವಾರ. ಈಗಲೂ ನಡೆಯುವ ಸಂಗತಿ ಇದು. ಆದರೆ ಸಾಗರ ಕಾರ್ಮಿಕರ 2006ರ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಅದರ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಹೀಗೆ ಕೈಬಿಟ್ಟರೆ ಊಟ, ಊರಿಗೆ ಮರಳುವ ಖರ್ಚು, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಇಷ್ಟಕ್ಕೂ ಮಾಲೀಕ ಮೊದಲೇ ವಿಮೆಯಂಥ ಭದ್ರತೆ ಇಟ್ಟಿರಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು. ಕೆಲಸಕ್ಕೆ ಸೇರುವ ಹುಡುಗ ಮೊದಲ ದಿನವೇ ಅದನ್ನು ಓದಿ, ಯಾರನ್ನು ಸಂಪರ್ಕಿಸಬೇಕು ಅನ್ನುವುದನ್ನು ಬರೆದು ಮನೆಗೆ ಕಳಿಸಲಿ. ಅವನ ಅಮ್ಮ ಯಾರ ಕೈಕಾಲೂ ಹಿಡಿಯದೆ ಕೇಳಬಹುದಾದ ಹಣ ಅದು.