ಸತ್ತವರು ಸೋಮವಾರ ವಾಪಸ್ ಬರ್ತಾರೆ

ಅಂಗಾಂಗ ಕಸಿಗೆ ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಅಂತ ಒಂದು ಸರ್ಕಾರಿ ವ್ಯವಸ್ಥೆ ಇದೆ. ಅಲ್ಲಿ ಹೆಸರು ನೋಂದಾಯಿಸಬೇಕು, ಸರದಿ ಕಾಯಬೇಕು, ರಕ್ತದ ಗುಂಪು ಹೊಂದಬೇಕು. ಕೊಟ್ಟವರು ಯಾರು ಅಂತ ಪಡೆದವರಿಗೆ ಹೇಳುವ ಹಾಗಿಲ್ಲ. ಹೃದಯ ಆದರೆ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರ ಎದೆ ಸೇರಬೇಕು, ಅದಕ್ಕೆ ಪೊಲೀಸರು ಬೆಂಗಳೂರಿನ ಟ್ರಾಫಿಕ್ಕನ್ನೇ ನಿಲ್ಲಿಸಿ ಆಂಬುಲೆನ್ಸಿಗೆ ದಾರಿ ಬಿಡಿಸುತ್ತಾರೆ. ಪಾಪ, ಇಷ್ಟೆಲ್ಲ ಒದ್ದಾಡುತ್ತಾರೆ, ಯಾಕೆಂದರೆ ಅವರಲ್ಲಿ ಯಾರಿಗೂ ಸೀರಿಯಲ್ ನೋಡಲು ಪುರುಸೊತ್ತಿಲ್ಲ. ‘ಪುಟ್ಟಕ್ಕನ ಮಕ್ಕಳು’ ನೋಡಿದ್ದರೆ ಗೊತ್ತಾಗುತ್ತಿತ್ತು. ರಕ್ತದ ಗುಂಪಿನ ಮಾತೇ ಬೇಡ, ಹೆಸರು ಹೊಂದಿದರೆ ಸಾಕು. ಸತ್ತ ಸ್ನೇಹಾಳ ಹೃದಯ ಇನ್ನೊಬ್ಬ ಸ್ನೇಹಾಳಿಗೇ ಹೋಗಬೇಕು. ಗಂಡ ಕಂಠಿಗೂ ಅನುಕೂಲ ಅಲ್ವಾ, ಕರೆದು ಕರೆದು ರೂಢಿಯಾದ ಹೆಸರು!

ಇದಕ್ಕಿಂತ ಮುಂಚೆ, 2022ರಲ್ಲಿ, ‘ಜೊತೆ ಜೊತೆಯಲಿ’ಯವರು ಇನ್ನೂ ದೊಡ್ಡ ಸಾಧನೆ ಮಾಡಿದ್ದರು. ಹೀರೋ ಆರ್ಯವರ್ಧನ್ ಆಗಿದ್ದ ನಟ ಅನಿರುದ್ಧ್ ಹೊರಗೆ ಹೋದರು, ಹರೀಶ್ ರಾಜ್ ಒಳಗೆ ಬಂದರು, ಕಥೆಯಲ್ಲಿ ಆರ್ಯವರ್ಧನ್ ಮುಖವೇ ಬದಲಾಯಿತು. ನಮ್ಮಲ್ಲಿ ಆಧಾರ್ ಕಾರ್ಡಿನ ಫೋಟೋ ಬದಲಾಯಿಸಲು ಅರ್ಧ ದಿನ ರಜೆ ಹಾಕಬೇಕು. ಅಲ್ಲಿ ಮನುಷ್ಯನ ಮುಖಕ್ಕೆ ಕೆಲವು ಎಪಿಸೋಡು ಸಾಕಾಯಿತು.

ಸೀರಿಯಲ್ ಆಸ್ಪತ್ರೆ ಅಂದರೆ ನನಗೆ ಬಹಳ ಗೌರವ. ಐಸಿಯು ಬಾಗಿಲಿನಲ್ಲಿ ಒಂದು ದುಂಡಗಿನ ಗಾಜು ಇರುತ್ತೆ, ಅದನ್ನು ಇಟ್ಟಿರುವುದೇ ಮನೆಯವರು ಮೂಗು ಒತ್ತಿ ಅಳಲಿಕ್ಕೆ. ಒಳಗೆ ರೋಗಿಗೆ ಆಕ್ಸಿಜನ್ ಮಾಸ್ಕ್, ಮಾಸ್ಕಿನ ಕೆಳಗೆ ಲಿಪ್‌ಸ್ಟಿಕ್. ಹಣೆ ಸುತ್ತ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಅಚ್ಚುಕಟ್ಟಾಗಿ ಒಂದು ರೂಪಾಯಿ ಅಗಲದ ಕೆಂಪು ಬಣ್ಣ. ಏಟು ಕಾಲಿಗೆ ಬಿದ್ದಿದ್ದರೂ ಪಟ್ಟಿ ಹಣೆಗೇ. ಡಾಕ್ಟರ್ ಹೊರಗೆ ಬರುತ್ತಾರೆ, ಕನ್ನಡಕ ತೆಗೆಯುತ್ತಾರೆ, “24 ಗಂಟೆ ಏನೂ ಹೇಳೋಕಾಗಲ್ಲ” ಅನ್ನುತ್ತಾರೆ. ಆ 24 ಗಂಟೆ ಮುಗಿಯಲು ಎರಡು ವಾರ ಬೇಕು. ರೋಗಿ ಬಡವರ ಮನೆಯವರಾದರೆ ಆಪರೇಷನ್‌ಗೆ ಲಕ್ಷಗಟ್ಟಲೆ ದುಡ್ಡು ಬೇಕು. ಆ ದುಡ್ಡು ಇರುವ ಹುಡುಗ ಹೊರಗೆ ಕಾರಿಡಾರಿನಲ್ಲೇ ನಿಂತಿರುತ್ತಾನೆ, ಕೈಯಲ್ಲಿ ಅಗ್ರಿಮೆಂಟ್ ಮದುವೆಯ ಪೇಪರ್. ಯಾವ ಹೆಲ್ತ್ ಇನ್ಶೂರೆನ್ಸಿನವರೂ ಇಷ್ಟು ಬೇಗ ಆಸ್ಪತ್ರೆಗೆ ಬಂದಿದ್ದನ್ನು ನಾನು ನೋಡಿಲ್ಲ.

ಬೆಟ್ಟ, ನೀರು ಎರಡರಿಂದಲೂ ಅಪಾಯ ಇಲ್ಲ. ‘ಪುಟ್ಟಗೌರಿ ಮದುವೆ’ಯ ಗೌರಿ ಬೆಟ್ಟದಿಂದ ಬಿದ್ದಾಗ ಟ್ರೋಲ್ ಮಾಡಿ ಮಾಡಿ ಸುಸ್ತಾದ ಹುಡುಗರಿಗೆಲ್ಲ ಈಗ ಮದುವೆಯಾಗಿದೆ. ಅವರ ಹೆಂಡತಿಯರು ‘ಲಕ್ಷ್ಮೀ ನಿವಾಸ’ದ ಜಾಹ್ನವಿ ಸಮುದ್ರಕ್ಕೆ ಬಿದ್ದು ಬದುಕಿ ಬಂದಿದ್ದನ್ನು ನೋಡಿದ್ದಾರೆ. ಈ ಲೋಕದಲ್ಲಿ ನಿಜವಾಗಿ ಸಾಯಬೇಕಾದರೆ ಒಂದೇ ದಾರಿ, ನಟರ ಡೇಟ್ಸ್ ಹೊಂದಬಾರದು.

ಇನ್ನು ಆ ಮನೆಗಳು. ಎರಡು ಕಡೆಯಿಂದ ಮೆಟ್ಟಿಲು ಇಳಿಯುವ ಹಾಲ್, ನಡುವೆ ದೊಡ್ಡ ತೂಗುದೀಪ, ಆದರೆ ಯಾರಿಗೂ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಇಲ್ಲ. ಚಿಕ್ಕತ್ತೆ ತನ್ನ ಪ್ಲಾನನ್ನು ಖಾಲಿ ರೂಮಿನಲ್ಲಿ, ಕಿಟಕಿ ತೆರೆದು, ದಿನಾಂಕ ಸಮೇತ ಜೋರಾಗಿ ಹೇಳಿಕೊಳ್ಳುತ್ತಾಳೆ. ಹೊರಗೆ ಕಾಫಿ ಟ್ರೇ ಹಿಡಿದ ಸೊಸೆ ಅರ್ಧ ಕೇಳಿಸಿಕೊಳ್ಳುತ್ತಾಳೆ. ಪೂರ್ತಿ ಕೇಳಿಸಿಕೊಂಡವರು ಯಾರೂ ಇಲ್ಲ, ಅಷ್ಟರಲ್ಲಿ ಹೂದಾನಿ ಬೀಳಬೇಕು. “ಯಾರದು?” ಅಂತ ಚಿಕ್ಕತ್ತೆ ತಿರುಗಿದರೆ ಕ್ಯಾಮೆರಾ ಮೂರು ಸಲ ಅವಳ ಮುಖಕ್ಕೆ, ಮೂರು ಸಲ ಹೂದಾನಿಗೆ, ಒಂದು ಸಲ ಸುಮ್ನೆ ಗೋಡೆ ಮೇಲಿನ ಗಣಪತಿಗೆ. ಕೇಳಿಸಿಕೊಂಡ ಸೊಸೆ ಅದನ್ನು ಗಂಡನಿಗೆ ಹೇಳುತ್ತಾಳಾ? ಇಲ್ಲ. “ನಾನು ನಿಮಗೊಂದು ವಿಷಯ ಹೇಳ್ಬೇಕು” ಅನ್ನುತ್ತಾಳೆ, ಆಗ ಅವನ ಫೋನ್ ಬರುತ್ತೆ. ಫೋನಿನಲ್ಲಿ “ಹಲೋ, ಏನ್?” ಅಂತಾನೆ, ಫೋನ್ ಕೈಯಿಂದ ಜಾರುತ್ತೆ. ನಮ್ಮಮ್ಮನ ಪ್ರಕಾರ ಆ ರೂಮಿಗೆ ಒಂದು ಚಿಲಕ ಹಾಕಿಸಿದ್ದರೆ ಸೀರಿಯಲ್ ಮೂರು ದಿನಕ್ಕೆ ಮುಗಿಯುತ್ತಿತ್ತು. ಅಮ್ಮ ಇದನ್ನು ಹೇಳುವುದು ಅದೇ ಸೀರಿಯಲ್ ನೋಡುತ್ತಾ, ನನ್ನನ್ನು ಸುಮ್ಮನಿರು ಅಂತ ಗದರಿಸುತ್ತಾ.

ನಾನೂ ಪಕ್ಕದಲ್ಲೇ ಕೂತು ನೋಡುವವನೇ. ಬಲವಂತ ಏನಿಲ್ಲ, ಇಷ್ಟಪಟ್ಟೇ ನೋಡುತ್ತೇನೆ. ನೋಡದವರು ಬೈಯುವುದು ಸುಲಭ, ನೋಡುವವರಿಗೇ ಹೊಟ್ಟೆ ಉರಿಯುವುದು. ಪುಟ್ಟಕ್ಕ ಶುರುವಾದಾಗ ಎಂಥಾ ಕಥೆ ಅದು! ಗಂಡ ಬಿಟ್ಟುಹೋದ ಹೆಂಗಸು, ಮೂರು ಹೆಣ್ಣುಮಕ್ಕಳು, ಒಂದು ಮೆಸ್. ಅದನ್ನು ಮಾಡಿದ್ದು ಉಮಾಶ್ರೀ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದವರು, ಮಂತ್ರಿಯಾಗಿದ್ದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅನ್ನ ಬಡಿಸಲು ನಿಂತರೆ ನಾವು ಊಟ ಬಿಟ್ಟು ನೋಡುತ್ತಿದ್ದೆವು. ‘ಕನ್ನಡತಿ’ ಎಪಿಸೋಡಿನ ಕೊನೆಗೆ ಸರಿ ಕನ್ನಡದ ಒಂದು ಪಾಠ ಹೇಳಿಕೊಡುತ್ತಿತ್ತು, ಯಾವ ಮೇಷ್ಟ್ರೂ ಅಷ್ಟು ಚೆಂದ ಹೇಳಿಕೊಟ್ಟಿರಲಿಲ್ಲ. ‘ಭಾಗ್ಯಲಕ್ಷ್ಮಿ’ಯಲ್ಲಿ ಮಕ್ಕಳ ತಾಯಿ ಎಸ್ಸೆಸ್ಸೆಲ್ಸಿ ಪಾಸು ಮಾಡಲು ಸ್ಕೂಲಿಗೆ ಹೊರಟಳು. ಹೊಸದಾಗಿ ಯೋಚಿಸಲು ಬರಲ್ಲ ಅಂತ ಇವರ ಬಗ್ಗೆ ಯಾರೂ ಹೇಳುವ ಹಾಗಿಲ್ಲ. ಬರುತ್ತೆ. ಮೊದಲ ನೂರು ಎಪಿಸೋಡ್ ಬರುತ್ತೆ.

ಆಮೇಲೆ ಗುರುವಾರ ಬರುತ್ತೆ. ಗುರುವಾರ ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ಟಿಆರ್‌ಪಿ. ಇಡೀ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಿಗೆ, ಈ ಲೆಕ್ಕ ಇಡುವ ಬಾರ್ಕ್‌ನವರು ಮೀಟರ್ ಇಟ್ಟಿದ್ದಾರಂತೆ. ಅವುಗಳಲ್ಲಿ ಕರ್ನಾಟಕದ ಪಾಲಿನ ಮನೆಯಲ್ಲಿ ಯಾರೋ ಹಾಲು ಉಕ್ಕುತ್ತೆ ಅಂತ ಎದ್ದು ಹೋಗಿ ಮಗು ಚಾನೆಲ್ ತಿರುಗಿಸಿದರೂ ಸಾಕು, ಗುರುವಾರ ನಂಬರ್ ಇಳಿಯುತ್ತೆ, ಶುಕ್ರವಾರ ಯಾರದೋ ಕಾರಿನ ಬ್ರೇಕ್ ಫೇಲ್ ಆಗುತ್ತೆ. ಜಾಹೀರಾತಿಗಾದರೂ ಗಂಟೆಗೆ 12 ನಿಮಿಷ ಅಂತ ಮಿತಿ ಇದೆ. ಒಂದು ಪ್ರಶ್ನೆಗೆ ಎಷ್ಟು ವಾರ ಉತ್ತರ ಕೊಡದೇ ಇರಬಹುದು ಅಂತ ಯಾವ ರೂಲ್ಸೂ ಇಲ್ಲ. ಈಗ ಅರ್ಧ ಗಂಟೆ ಸಾಲದು ಅಂತ ಒಂದು ಗಂಟೆ ಸೀರಿಯಲ್ ಬಂದಿದೆ. ಎರಡು ಸೀರಿಯಲ್ಲಿನವರು ಒಂದೇ ದೇವಸ್ಥಾನದಲ್ಲಿ ಸಿಗುವ ಮಹಾಸಂಗಮ ಬೇರೆ. ಆ ಮನೆ ವಿಲನ್ನು ಈ ಮನೆ ವಿಲನ್ನನ್ನು ನೋಡಿ ನಕ್ಕರೆ ಅದೊಂದು ಪ್ರೋಮೋ.

ಇಟಿವಿ ಕನ್ನಡ ಇನ್ನೂ ಕಲರ್ಸ್ ಆಗಿರದಿದ್ದ ಕಾಲದಲ್ಲಿ ಗಿರೀಶ ಕಾಸರವಳ್ಳಿ ಅದೇ ಚಾನೆಲ್ಲಿಗೆ ಭೈರಪ್ಪನವರ ‘ಗೃಹಭಂಗ’ ಮಾಡಿದ್ದರು. ನಂಜಮ್ಮನ ಪಾತ್ರದಲ್ಲಿ ಮಾಳವಿಕಾ. ಪ್ಲೇಗಿಗೆ ಮಕ್ಕಳು ಸತ್ತರು. ಸತ್ತವರು ಸತ್ತೇ ಹೋದರು, ಯಾರ ಹೃದಯವೂ ಯಾರಿಗೂ ಹೋಗಲಿಲ್ಲ. ಹಾಗಂತ ಆ ಕಾಲದ್ದೆಲ್ಲ ಅಪರಂಜಿ ಅಂತ ನಾನು ಹೇಳುತ್ತಿಲ್ಲ. ಸೀತಾರಾಮ್ ಅವರ ‘ಮುಕ್ತ’ದಲ್ಲೂ ಕೋರ್ಟಿನ ವಾದ ಎಳೆದಿದ್ದು ಉಂಟು, ಆದರೆ ಅದರ ಲಾಯರ್ ಸಿಎಸ್‌ಪಿ ಎದ್ದು ನಿಂತರೆ ಒಂದು ವಾದ ಅಂತ ಇರುತ್ತಿತ್ತು. ಮರುದಿನ ಬಸ್ಸಿನಲ್ಲಿ ಅದರ ಮೇಲೆ ಜಗಳ ಆಡಬಹುದಿತ್ತು.

ಎಳೆಯುವುದನ್ನು ಸಹಿಸಬಹುದು. ಹೃದಯ ಕಸಿಯನ್ನೂ ನಕ್ಕು ಬಿಡಬಹುದು. ನನಗೆ ನಗು ಬರದೇ ಇರುವುದು ಆ ತಾಳಿಯ ವಿಷಯದಲ್ಲಿ. ಹುಡುಗಿ ಬೇಡ ಬೇಡ ಅನ್ನುತ್ತಿದ್ದಾಳೆ, ಹೀರೋ ಬಂದು ಬಲವಂತವಾಗಿ ತಾಳಿ ಕಟ್ಟುತ್ತಾನೆ, ಅವಳ ಕಣ್ಣೀರಿನ ಮೇಲೆ ಸ್ಲೋ ಮೋಷನ್ನಿನಲ್ಲಿ ಅಕ್ಷತೆ ಬೀಳುತ್ತೆ. ಮೂರು ತಿಂಗಳಲ್ಲಿ ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತೆ. ಕಟ್ಟಿದ್ದು ಹೇಗೇ ಆದರೂ ಕಟ್ಟಿದ ಮೇಲೆ ಗಂಡನೇ ಅಂತ ಅಜ್ಜಿಯೊಬ್ಬರ ಬಾಯಲ್ಲಿ ಹೇಳಿಸುತ್ತಾರೆ. ಎಷ್ಟು ಸೀರಿಯಲ್ಲಿನಲ್ಲಿ ಇದನ್ನೇ ನೋಡುವುದು? ‘ಲಕ್ಷ್ಮೀ ನಿವಾಸ’ದಲ್ಲಿ ಹೆಂಡತಿ ಜಾಹ್ನವಿಯನ್ನು ಉಸಿರಾಡಲೂ ಬಿಡದ ಜಯಂತ “ಚಿನ್ನುಮರಿ” ಅಂದರೆ ಅದು ರೀಲ್ಸ್ ಆಗುತ್ತೆ, ಅದಕ್ಕೆ ಹಾರ್ಟ್ ಹಾಕುವವರು ನಮ್ಮ ಮನೆ ಮಕ್ಕಳೇ. ಆ ಕಥೆ ಬರೆದವರು ಅವನನ್ನು ತಪ್ಪಿತಸ್ಥ ಅಂತಲೇ ತೋರಿಸಿದ್ದಾರೆ, ಒಪ್ಪುತ್ತೇನೆ. ಉಳಿದವರು ಅಷ್ಟೂ ಮಾಡುವುದಿಲ್ಲ. ಇದನ್ನು ಬರೆದು ಬರೆದು ಸಾಕಾಗಿದೆ. ನಾಳೆ ಮತ್ತೊಂದು ಪ್ರೋಮೋ ಬರುತ್ತೆ, ಅದರಲ್ಲೂ ಯಾರದೋ ಕೈಯಲ್ಲಿ ತಾಳಿ ಇರುತ್ತೆ.

ಕಲಾವಿದರು ಬಿಟ್ಟುಹೋಗುವುದು ಅವರ ಹಕ್ಕು. ಓದಲು ಹೋಗಲಿ, ಸಿನಿಮಾಗೆ ಹೋಗಲಿ, ಮದುವೆಯಾಗಿ ಅಮೆರಿಕಕ್ಕೆ ಹೋಗಲಿ. ಮೊದಲೆಲ್ಲ ಇಂಥ ಹೊತ್ತಿನಲ್ಲಿ ಪರದೆ ಮೇಲೆ “ಇನ್ನು ಮುಂದೆ ಈ ಪಾತ್ರದಲ್ಲಿ” ಅಂತ ಬರೆದು ಹೊಸ ನಟಿಯ ಫೋಟೋ ತೋರಿಸುತ್ತಿದ್ದರು. ಎರಡು ದಿನ “ಹಳೇ ಹುಡುಗೀನೇ ಚೆನ್ನಾಗಿದ್ಲು” ಅನ್ನುತ್ತಿದ್ದೆವು, ಮೂರನೇ ದಿನ ಮರೆತೇ ಬಿಡುತ್ತಿದ್ದೆವು. ಆ ಒಂದು ಸಾಲಿಗೆ ಹೃದಯದ ಡಾಕ್ಟರೂ ಬೇಕಿರಲಿಲ್ಲ, ಬ್ರೇಕ್ ಫೇಲ್ ಆದ ಕಾರೂ ಬೇಕಿರಲಿಲ್ಲ.